ಅಪ್ಪಯ್ಯನ ಆಕಾಶವಾಣಿ

ನನ್ನ ಆಫೀಸಿಗೂ ಮನೆಗೂ 14 ಕಿಲೋಮೀಟರ್ ದೂರ. ಔಟರ್ ರಿಂಗ್ ರೋಡಿನಲ್ಲಿ ಅದಕ್ಕೆ ಒಂದೂಕಾಲು ಗಂಟೆ ಬೇಕು. ಮಳೆ ಬಂತೋ, ಆಮೇಲೆ ಲೆಕ್ಕ ಬಿಟ್ಟು ದೇವರ ಮೇಲೆ ಭಾರ ಹಾಕೋದೇ. ಕ್ಯಾಬಿನಲ್ಲಿ ಉಳಿದವರೆಲ್ಲ ತಲೆ ಬಗ್ಗಿಸಿಕೊಂಡು ಮೊಬೈಲ್ ನೋಡುತ್ತಾ ಕೂತಿರುತ್ತಾರೆ. ನನಗೆ ಆ ಭಾಗ್ಯ ಇಲ್ಲ. ಓಡುವ ಗಾಡಿಯಲ್ಲಿ ಎರಡು ನಿಮಿಷ ಸ್ಕ್ರೀನ್ ನೋಡಿದರೆ ಹೊಟ್ಟೆ ತೊಳಸುತ್ತೆ. ಚಿಕ್ಕವನಿದ್ದಾಗ ತೀರ್ಥಹಳ್ಳಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಯಾವತ್ತೂ ನನಗೇ ಮೀಸಲಿತ್ತು. ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಹಾಗಾಗಿ ಕಣ್ಣಿಗೆ ರಜೆ ಕೊಟ್ಟು ಕಿವಿಗೆ ಕೆಲಸ ಹಚ್ಚೋ ಅಭ್ಯಾಸ ಆಯಿತು.

ಹಾಡು ಕೇಳಿ ಕೇಳಿ ಬೇಜಾರಾಗಿದ್ದ ಒಂದು ಸಂಜೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಏನೋ ಹುಡುಕುವಾಗ ಅಮೆರಿಕದ ಹಳೇ ರೇಡಿಯೊ ನಾಟಕಗಳು ಸಿಕ್ಕವು. ಎನ್‌ಬಿಸಿ ರೇಡಿಯೊದವರು 1950ರ ಏಪ್ರಿಲ್‌ನಲ್ಲಿ ‘ಡೈಮೆನ್ಷನ್ ಎಕ್ಸ್’ ಅಂತ ಒಂದು ಸರಣಿ ಶುರು ಮಾಡಿದ್ದರು. ಅದು ಮರುವರ್ಷ ನಿಂತುಹೋಯಿತು. 1955ರಲ್ಲಿ ಅದೇ ಬಗೆಯ ‘ಎಕ್ಸ್ ಮೈನಸ್ ಒನ್’ ಶುರುವಾಗಿ 1958ರ ಜನವರಿವರೆಗೆ ನಡೆಯಿತು. ಅಸ್ಟೌಂಡಿಂಗ್, ಗ್ಯಾಲಕ್ಸಿ ಥರದ ಪತ್ರಿಕೆಗಳಲ್ಲಿ ಬಂದ ವೈಜ್ಞಾನಿಕ ಸಣ್ಣಕಥೆಗಳನ್ನು ತಗೊಂಡು ಅರ್ಧ ಗಂಟೆಯ ನಾಟಕ ಮಾಡೋದು ಇವರ ಮುಖ್ಯ ಕಸುಬು. ಬ್ರಾಡ್‌ಬರಿ, ಅಸಿಮೊವ್, ಹೈನ್‌ಲೈನ್ ಎಲ್ಲರ ಕಥೆಗಳೂ ಇವೆ. ಕಥೆಯನ್ನು ರೇಡಿಯೊಗೆ ಒಗ್ಗಿಸುವ ಕೆಲಸ ಬಹುಪಾಲು ಅರ್ನೆಸ್ಟ್ ಕಿನಾಯ್ ಮತ್ತು ಜಾರ್ಜ್ ಲೆಫರ್ಟ್ಸ್ ಅನ್ನೋ ಇಬ್ಬರದು.

ಯೋಚನೆ ಮಾಡಿದರೆ ಇದು ಬುದ್ಧಿವಂತರ ಕೆಲಸ. ಮಂಗಳ ಗ್ರಹವನ್ನು ತೋರಿಸಬೇಕು ಅಂದ್ರೆ ಸಿನಿಮಾದವನಿಗೆ ಸೆಟ್ ಹಾಕಬೇಕು, ಕೆಂಪು ಮಣ್ಣು ಸುರಿಯಬೇಕು, ಆದರೂ ಅದು ರಟ್ಟಿನ ಗುಡ್ಡದ ಹಾಗೇ ಕಾಣುತ್ತೆ. ರೇಡಿಯೊದವನಿಗೆ ಒಂದು ಭಾರದ ಬಾಗಿಲು ತೆರೆದ ಸದ್ದು, ಸ್ವಲ್ಪ ಗಾಳಿ, ಪ್ರತಿಧ್ವನಿಸುವ ನಾಲ್ಕು ಹೆಜ್ಜೆ ಸಾಕು. ಉಳಿದ ಸೆಟ್ಟನ್ನು ಕೇಳುಗನೇ ತನ್ನ ತಲೆಯೊಳಗೆ ಪುಕ್ಕಟೆ ಹಾಕಿಕೊಳ್ತಾನೆ.

ಮೊದಲು ಕೇಳಿದ್ದು ಮರ್ರೆ ಲೈನ್‌ಸ್ಟರ್ ಬರೆದ ‘ಎ ಲಾಜಿಕ್ ನೇಮ್ಡ್ ಜೋ’. ಕಥೆ ಬಂದದ್ದು 1946ರಲ್ಲಿ, ನಾಟಕ ಆಗಿದ್ದು 1950ರ ಜುಲೈನಲ್ಲಿ. ಅದರಲ್ಲಿ ಮನೆಮನೆಗೂ ‘ಲಾಜಿಕ್’ ಅನ್ನೋ ಒಂದು ಪೆಟ್ಟಿಗೆ ಇರುತ್ತೆ. ಕೀಲಿಮಣೆ ಇದೆ, ಪರದೆ ಇದೆ, ಎಲ್ಲವೂ ದೂರದ ‘ಟ್ಯಾಂಕ್’ಗಳಿಗೆ ಜೋಡಿಸಿಕೊಂಡಿವೆ. ಹವಾಮಾನ, ಸುದ್ದಿ, ಲೆಕ್ಕಪತ್ರ, ಪರದೆಯಲ್ಲಿ ಮುಖ ನೋಡುತ್ತಾ ಮಾತು, ಏನು ಬೇಕಾದ್ರೂ ಆಗುತ್ತೆ. 1946ರಲ್ಲಿ ಕೂತು ಮನುಷ್ಯ ನಮ್ಮ ಇವತ್ತಿನ ಕ್ಲೌಡನ್ನು ಹೇಗೆ ಬರೆದ ಅಂತ ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಫ್ಯಾಕ್ಟರಿಯಲ್ಲಿ ಆದ ಸಣ್ಣ ದೋಷದಿಂದ ‘ಜೋ’ ಅನ್ನೋ ಒಂದು ಪೆಟ್ಟಿಗೆಗೆ ಸ್ವಂತ ಬುದ್ಧಿ ಬರುತ್ತೆ. ಜನ ಏನು ಕೇಳಿದರೂ ಪ್ರಾಮಾಣಿಕವಾಗಿ ಉತ್ತರ ಕೊಡೋಕೆ ಶುರು ಮಾಡುತ್ತೆ, ಹೆಂಡತಿಯನ್ನು ಸಿಕ್ಕಿಬೀಳದೆ ಕೊಲ್ಲೋದು ಹೇಗೆ ಅಂತ ಕೇಳಿದರೂ! ಇನ್ನೊಂದು ಖುಷಿ ಏನಂದ್ರೆ, ಕಥೆ ಹೇಳುವವನು ವಿಜ್ಞಾನಿಯೂ ಅಲ್ಲ, ಹೀರೋನೂ ಅಲ್ಲ. ಆ ಪೆಟ್ಟಿಗೆಗಳ ರಿಪೇರಿಯವನು. ನಮ್ಮ ಹಾಗೆ ಸಪೋರ್ಟ್ ಟೀಮಿನವನು! ‘ಎಲ್ಲ ಬಂದ್ ಮಾಡ್ರೋ’ ಅಂತ ಅವನು ಬೇಡಿಕೊಂಡರೆ, ಬಂದ್ ಮಾಡೋಕೆ ಆಗಲ್ಲ, ಇಡೀ ದೇಶ ಇದರ ಮೇಲೇ ನಿಂತಿದೆ ಅನ್ನೋ ಉತ್ತರ ಬರುತ್ತೆ. ಪ್ರೊಡಕ್ಷನ್ ಸರ್ವರ್ ಮುಟ್ಟಬೇಡಿ ಅನ್ನೋ ಮಾತು ಅಷ್ಟು ಹಳೇದು ಅಂತ ನನಗೆ ಗೊತ್ತಿರಲಿಲ್ಲ.

ಅವತ್ತಿಂದ ವಾರಕ್ಕೆ ಮೂರ್ನಾಲ್ಕು ನಾಟಕ ಕೇಳತೊಡಗಿದೆ. ನನಗೆ ಇದು ಹೊಸ ಚಟ ಅನ್ನಿಸಲಿಲ್ಲ. ಹಳೇ ಚಟ ವಾಪಸ್ ಬಂದ ಹಾಗೆ ಅನ್ನಿಸಿತು.

ನಮ್ಮೂರಲ್ಲಿ ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿ ಊಟ ಆದ ಮೇಲೆ ಅಡಿಕೆ ಸುಲಿಯೋ ಕೆಲಸ. ಜಗಲಿಯಲ್ಲಿ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಅಕ್ಕಪಕ್ಕದ ಮನೆಯವರೂ ಕೂತುಕೊಳ್ಳೋರು. ಕಣ್ಣು, ಕೈ ಎರಡೂ ಕತ್ತಿ ಮೇಲೆ. ಸ್ವಲ್ಪ ಆಚೀಚೆ ಆದರೆ ಬೆರಳು ಹೋಯ್ತು. ಖಾಲಿ ಇರೋದು ಕಿವಿ ಒಂದೇ. ಅಪ್ಪಯ್ಯ ಕಂಬದ ಮೊಳೆಗೆ ರೇಡಿಯೊ ನೇತುಹಾಕಿ ಭದ್ರಾವತಿ ಸ್ಟೇಷನ್ ಹಚ್ಚೋರು. ಹೊತ್ತು ಸರಿದ ಹಾಗೆ ಧಾರವಾಡವೂ ಸಿಗೋದು. ಹಗಲು ಸಿಗದ ಸ್ಟೇಷನ್ ರಾತ್ರಿ ಹೇಗೆ ಸಿಗುತ್ತೆ ಅಂತ ಕೇಳಿದರೆ ಅಪ್ಪಯ್ಯ, "ರಾತ್ರಿ ಊರು ಸುಮ್ಮನಿರ್ತದಲ್ಲ, ಅದಕ್ಕೇ ಕೇಳ್ತದೆ" ಅಂದಿದ್ದರು. ಬಿಇ ಓದುವಾಗ ನಿಜವಾದ ಕಾರಣ ಗೊತ್ತಾಯಿತು. ಹಗಲು ಮೀಡಿಯಂ ವೇವ್ ತರಂಗಗಳನ್ನು ಹೀರಿಕೊಳ್ಳುವ ವಾತಾವರಣದ ಒಂದು ಪದರ ಸೂರ್ಯ ಮುಳುಗಿದ ಮೇಲೆ ಕರಗಿಹೋಗುತ್ತೆ. ಆಗ ತರಂಗಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ದೂರದೂರಿಗೆ ಇಳಿಯುತ್ತವೆ. ಪರೀಕ್ಷೆಯಲ್ಲಿ ಇದನ್ನು ಬರೆದು ಮಾರ್ಕ್ಸ್ ತಗೊಂಡೆ. ಅಪ್ಪಯ್ಯನ ಉತ್ತರವೇ ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತೆ.

ನಾಟಕ ಶುರುವಾದರೆ ಜಗಲಿಯಲ್ಲಿ ಕತ್ತಿಯ ಕರ್ ಕರ್ ಬಿಟ್ಟು ಬೇರೆ ಸದ್ದಿಲ್ಲ. ಅತ್ತೆ ಸೊಸೆಗೆ ಬೈದರೆ ನಮ್ಮ ಚಿಕ್ಕಮ್ಮ ರೇಡಿಯೊಗೇ ವಾಪಸ್ ಬೈಯೋರು. ಆ ಅತ್ತೆ ಹೇಗಿದ್ದಳು ಅಂತ ಮಾರನೇ ದಿನ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮುಖ. ಟಿವಿ ಬಂದ ಮೇಲೆ ಎಲ್ಲರೂ ಒಂದೇ ಮುಖ ನೋಡೋ ಹಾಗಾಯಿತು.

ಇರಲಿ, ನಾನು ಹೇಳಬೇಕು ಅಂದುಕೊಂಡಿದ್ದು ಒಂದೇ ಒಂದು ನಾಟಕದ ಬಗ್ಗೆ.

ರೇ ಬ್ರಾಡ್‌ಬರಿಯ ‘ದೇರ್ ವಿಲ್ ಕಮ್ ಸಾಫ್ಟ್ ರೈನ್ಸ್’ ಕೊಲಿಯರ್ಸ್ ಪತ್ರಿಕೆಯಲ್ಲಿ ಬಂದದ್ದು 1950ರ ಮೇ 6ರಂದು. ಆರು ವಾರದಲ್ಲಿ, ಜೂನ್ 17ಕ್ಕೆ, ಡೈಮೆನ್ಷನ್ ಎಕ್ಸ್‌ನಲ್ಲಿ ನಾಟಕವಾಗಿ ಪ್ರಸಾರ ಆಯಿತು. ಹಿರೋಶಿಮಾ ಆಗಿ ಇನ್ನೂ ಐದು ವರ್ಷ ತುಂಬಿರಲಿಲ್ಲ. ರಷ್ಯಾದವರೂ ಅಣುಬಾಂಬ್ ಸಿಡಿಸಿ ನೋಡಿ ಒಂದು ವರ್ಷ ಆಗಿರಲಿಲ್ಲ. ಅಂಥಾ ಹೊತ್ತಿನಲ್ಲಿ ಜನ ತಮ್ಮ ಮನೆಯಲ್ಲಿ ಕೂತು ಈ ಮನೆಯ ಕಥೆ ಕೇಳಿದ್ದಾರೆ.

ಕ್ಯಾಲಿಫೋರ್ನಿಯಾದಲ್ಲಿ ಒಂದು ಮನೆ. ಎಲ್ಲವೂ ಆಟೊಮ್ಯಾಟಿಕ್. ಏಳು ಗಂಟೆಗೆ ಗಡಿಯಾರ ಕೂಗಿ ಎಬ್ಬಿಸುತ್ತೆ. ಒಲೆ ತಾನೇ ಬ್ರೆಡ್ ಸುಟ್ಟು ಮೊಟ್ಟೆ ಬೇಯಿಸುತ್ತೆ. ಇವತ್ತು ತಾರೀಖೆಷ್ಟು, ಯಾರ ಹುಟ್ಟುಹಬ್ಬ, ಯಾವ ಬಿಲ್ ಕಟ್ಟಬೇಕು ಅಂತ ಅಡುಗೆಮನೆಯ ದನಿ ನೆನಪಿಸುತ್ತೆ. ಯಾರೂ ಬರಲ್ಲ. ತಿಂಡಿ ಒಣಗುತ್ತೆ, ಮನೆಯೇ ಅದನ್ನು ಬಳಿದು ಚೆಲ್ಲುತ್ತೆ. ಯಂತ್ರದ ಪುಟ್ಟ ಇಲಿಗಳು ಬಂದು ಕಸ ಗುಡಿಸಿ ಹೋಗುತ್ತವೆ. ಊರಿಗೆ ಊರೇ ಬಾಂಬಿಗೆ ಬೂದಿಯಾಗಿದೆ. ಸುಟ್ಟು ಕಪ್ಪಾದ ಹೊರಗೋಡೆಯ ಮೇಲೆ ಗಂಡ, ಹೆಂಡತಿ, ಇಬ್ಬರು ಮಕ್ಕಳು ನಿಂತಿದ್ದ ಜಾಗ ಮಾತ್ರ ಬಣ್ಣ ಉಳಿಸಿಕೊಂಡಿದೆ. ಮನೆಗೆ ಇದು ಯಾವುದೂ ಗೊತ್ತಿಲ್ಲ. ಅದು ತನ್ನ ವೇಳಾಪಟ್ಟಿ ತಪ್ಪಿಸಲ್ಲ. ರಾತ್ರಿ ಬೆಂಕಿ ಬಿದ್ದು ಮನೆ ಉರಿದುಹೋದ ಮೇಲೂ ಉಳಿದ ಒಂದು ಗೋಡೆಯೊಳಗಿನ ದನಿ ಬೆಳಗಾಗ್ತಿದ್ದ ಹಾಗೆ ತಾರೀಖು ಹೇಳುತ್ತಲೇ ಇರುತ್ತೆ. ಪತ್ರಿಕೆಯಲ್ಲಿ ಬಂದಾಗ ಆ ವರ್ಷ 1985 ಅಂತಿತ್ತು. ಬ್ರಾಡ್‌ಬರಿ ಪುಸ್ತಕಕ್ಕೆ ಸೇರಿಸುವಾಗ ಅದನ್ನು 2026 ಮಾಡಿದ.

ಕಥೆಯನ್ನು ನಾನು ಮೊದಲೇ ಓದಿದ್ದೆ. ಚೆನ್ನಾಗಿದೆ ಅಂದುಕೊಂಡು ಮುಂದೆ ಹೋಗಿದ್ದೆ. ಕೇಳಿದಾಗ ಮಾತ್ರ ಬೇರೆಯೇ ಆಯಿತು. ಓದುವಾಗ ನಾವು ಆ ಮನೆಯ ಹೊರಗೆ ನಿಂತಿರ್ತೀವಿ. ಲೇಖಕ ಕೈ ಹಿಡಿದು, ಇಲ್ಲಿ ನೋಡು, ಅಲ್ಲಿ ನೋಡು ಅಂತ ತೋರಿಸ್ತಾನೆ. ರೇಡಿಯೊದಲ್ಲಿ ಆ ದನಿ ನೇರವಾಗಿ ನಿಮ್ಮ ಕಿವಿಯಲ್ಲೇ ಮಾತಾಡುತ್ತೆ. ಏಳಿ, ತಿಂಡಿ ಆಯಿತು, ಹೊತ್ತಾಯಿತು ಅನ್ನುತ್ತೆ. ಅದನ್ನು ಕೇಳುತ್ತಿರೋದು ಲೋಕದಲ್ಲಿ ನೀವೊಬ್ಬರೇ. ಆ ಮನೆಯಲ್ಲಿ ಯಾರೂ ಇಲ್ಲ ಅಂತ ಕಥೆ ಹೇಳುತ್ತೆ. ನಾಟಕದಲ್ಲಿ ಒಬ್ಬ ಇರ್ತಾನೆ, ಆದರೆ ಅವನು ‘ಹೂಂ’ ಅನ್ನೋಕೆ ಆಗಲ್ಲ. ಅವತ್ತು ಕ್ಯಾಬ್ ಇಳಿದು ಮನೆಗೆ ಹೋಗಿ ಲೈಟ್ ಹಾಕೋಕೂ ಒಂದು ಕ್ಷಣ ಹಿಂಜರಿದೆ.

2020ರ ಲಾಕ್‌ಡೌನ್‌ನಲ್ಲಿ ಲ್ಯಾಪ್‌ಟಾಪ್ ಕಟ್ಟಿಕೊಂಡು ಊರಿಗೆ ಹೋದೆ. ಅಮ್ಮ ತೀರಿಕೊಂಡು ಎರಡು ವರ್ಷ ಆಗಿತ್ತು. ಅಪ್ಪಯ್ಯ, ನಾನು, ಕರಿಯ ಅನ್ನೋ ನಾಯಿ, ಮೂರೇ ಜನ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಹಗಲು ಗುಡ್ಡದ ಮೇಲೆ ಟಾರ್ಪಾಲಿನ್ ಕಟ್ಟಿಕೊಂಡು ಸ್ಟ್ಯಾಂಡಪ್ ಮೀಟಿಂಗ್ ಮಾಡ್ತಿದ್ದೆ. ಜೂನ್ ಮಳೆ ಹಿಡಿದ ಮೇಲೆ ಕರೆಂಟ್ ಹೋದರೆ ಮೂರು ದಿನಕ್ಕೂ ಬರಲ್ಲ. ಅಂಥಾ ಒಂದು ರಾತ್ರಿ ರೇಡಿಯೊದ ಸೆಲ್ಲೂ ಮುಗಿದಿತ್ತು. ಅಂಗಡಿಗಳೆಲ್ಲ ಬಂದ್.

"ಏನಾದ್ರೂ ಕಥೆ ಹೇಳಾ, ನೀನೇ ರೇಡಿಯೊ ಆಗು" ಅಂದರು ಅಪ್ಪಯ್ಯ.

ನಾನು ಈ ಮನೆಯ ಕಥೆ ಹೇಳಿದೆ. ಬ್ರೆಡ್ಡು ಮೊಟ್ಟೆ ತೆಗೆದು ಕಡುಬು ಮಾಡಿದೆ. ಕ್ಯಾಲಿಫೋರ್ನಿಯಾ ತೆಗೆದು ‘ದೂರದ ಒಂದೂರು’ ಅಂದೆ. ಮನೆಯ ದನಿ ಬಂದಾಗೆಲ್ಲ ಆಕಾಶವಾಣಿಯಲ್ಲಿ ವಾರ್ತೆ ಓದುವವರ ಹಾಗೆ ಗಂಟಲು ಮಾಡಿದೆ. ಹೆಂಚಿನ ಮೇಲೆ ಮಳೆ ಸುರೀತಾ ಇತ್ತು. ಅದಕ್ಕಿಂತ ಒಳ್ಳೆ ಸೌಂಡ್ ಎಫೆಕ್ಟ್ ಎನ್‌ಬಿಸಿಯವರಿಗೂ ಸಿಕ್ಕಿರಲಿಕ್ಕಿಲ್ಲ. ಮೂಲ ಕಥೆಯಲ್ಲಿ ಒಂದು ನಾಯಿ ಬರುತ್ತೆ. ಮೈಯೆಲ್ಲ ಹುಣ್ಣಾಗಿ, ಮೂಳೆ ಚರ್ಮ ಆಗಿರುವ ಸಾಕುನಾಯಿ. ಮನೆ ಅದರ ಗುರುತು ಹಿಡಿದು ಹೊರಬಾಗಿಲು ತೆರೆಯುತ್ತೆ. ಅದು ಮನೆಯವರನ್ನು ಹುಡುಕುತ್ತಾ ಓಡಾಡಿ, ಅಡುಗೆಮನೆ ಬಾಗಿಲ ಮುಂದೆ ಬಂದು ನಿಲ್ಲುತ್ತೆ. ಒಳಗೆ ತಿಂಡಿ ಬೇಯ್ತಾ ಇರೋ ವಾಸನೆ. ಆ ಬಾಗಿಲು ತೆರೆಯಲ್ಲ. ನಾಯಿ ಅಲ್ಲೇ ಸುಸ್ತಾಗಿ, ಸ್ವಲ್ಪ ಹೊತ್ತಿಗೆ ಸತ್ತುಹೋಗುತ್ತೆ. ಇಲಿಗಳು ಬಂದು ಅದನ್ನೂ ಕಸದ ಹಾಗೆ ಎತ್ತಿಹಾಕುತ್ತವೆ.

ಕಥೆ ಮುಗಿದ ಮೇಲೆ ಅಪ್ಪಯ್ಯ ಬಹಳ ಹೊತ್ತು ಮಾತಾಡಲಿಲ್ಲ. ಬಾಂಬಿನ ಬಗ್ಗೆ ಕೇಳ್ತಾರೆ ಅಂದುಕೊಂಡಿದ್ದೆ.

"ಅಲ್ಲ ಮಾರಾಯ, ಅಷ್ಟೆಲ್ಲ ಅಡಿಗೆ ಮಾಡಿ ಚೆಲ್ತದೆ. ನಾಯಿಗೊಂದು ತುತ್ತು ಹಾಕ್ಬೇಕು ಅಂತ ಅದಕ್ಕೆ ಗೊತ್ತಾಗ್ಲಿಲ್ವನಾ?"

"ಅದಕ್ಕೆ ಹಾಗಂತ ಯಾರೂ ಹೇಳಿಕೊಟ್ಟಿರಲಿಲ್ಲ ಅಪ್ಪಯ್ಯ. ಹೇಳಿದ್ದಷ್ಟೇ ಮಾಡ್ತದೆ."

"ಹಂಗಾದ್ರೆ ಮನೆ ಕಟ್ಟಿದವನಿಗೆ ಬುದ್ಧಿ ಇರ್ಲಿಲ್ಲ" ಅಂದರು. ಹದಿಮೂರು ವರ್ಷದ ನನ್ನ ಸರ್ವೀಸಿನಲ್ಲಿ ಸಾಫ್ಟ್‌ವೇರಿನ ಬಗ್ಗೆ ಇಷ್ಟು ಚುರುಕಾದ ಕೋಡ್ ರಿವ್ಯೂ ನಾನು ಕೇಳಿಲ್ಲ.

ಮರುವರ್ಷ ಊರಿಗೆ ಫೈಬರ್ ಬಂತು, ಆಫೀಸಿನಿಂದ ನನಗೆ ಕರೆಯೂ ಬಂತು. ಅಪ್ಪಯ್ಯನಿಗೆ ಬಿಪಿ, ಶುಗರ್ ಎರಡಕ್ಕೂ ಮಾತ್ರೆ ಶುರುವಾಗಿತ್ತು. ತೋಟದ ಗಲಾಟೆಯಲ್ಲಿ ದಿನಾ ಮರೆಯೋರು. ಬೆಂಗಳೂರಿಗೆ ಬನ್ನಿ ಅಂದರೆ, "ಅಲ್ಲಿ ಬಂದು ಎಂತ ಮಾಡ್ಲಿ, ಲಿಫ್ಟಿನಾಗೆ ಮೇಲೆ ಕೆಳಗೆ ಹೋಗ್ತಾ ಕೂರ್ಲಾ?" ಅಂದುಬಿಟ್ಟರು. ಆಗ ನನ್ನೊಳಗಿನ ಎಂಜಿನಿಯರ್ ಎದ್ದು ಕೂತ. ಒಂದು ರಾಸ್ಪ್‌ಬೆರಿ ಪೈ, ಒಂದು ಸ್ಪೀಕರ್, ಕರೆಂಟ್ ಹೋದಾಗ ನಡೆಸೋಕೆ ಸಣ್ಣ ಬ್ಯಾಟರಿ. ಬೆಳಿಗ್ಗೆ ಎಂಟು, ರಾತ್ರಿ ಒಂಬತ್ತು, ಎರಡು ಹೊತ್ತಿಗೆ ನನ್ನ ದನಿ ಹೊರಡೋ ಹಾಗೆ ಎರಡು ಸಾಲಿನ ಕ್ರಾನ್ ಜಾಬ್ ಬರೆದೆ. ಅಷ್ಟೇ, ಭಾರೀ ಏನಿಲ್ಲ.

ರಾತ್ರಿಯದನ್ನು ಜಗಲಿಯಲ್ಲೇ ಕೂತು ರೆಕಾರ್ಡ್ ಮಾಡಿದೆ. "ಅಪ್ಪಯ್ಯ, ರಾತ್ರಿ ಮಾತ್ರೆ ತಗಂಡ್ರಾ?" ಅಂತ ನಾನು ಹೇಳಿ ಬಟನ್ ಒತ್ತೋ ಮೊದಲೇ ಪಕ್ಕದಲ್ಲಿ ಅಡಿಕೆ ಹೋಳು ಮಾಡ್ತಿದ್ದ ಅಪ್ಪಯ್ಯ, ನಿಜಕ್ಕೂ ಕೇಳಿದೆ ಅಂದುಕೊಂಡು, "ಹೂಂ ಮಾರಾಯ, ತಗಂಡೆ" ಅಂದುಬಿಟ್ಟರು. ಇಬ್ಬರೂ ನಕ್ಕೆವು. ಕತ್ತರಿಸೋಣ ಅಂದೆ. "ಇರ್ಲಿ ಬಿಡು, ನಾ ಮರೆತ್ರೂ ಅದೇ ಉತ್ತರ ಹೇಳ್ತದೆ" ಅಂದರು. ಪೆಟ್ಟಿಗೆಗೆ ಅವರಿಟ್ಟ ಹೆಸರು ‘ನಿನ್ನ ಆಕಾಶವಾಣಿ’. ಆ ಹೆಸರು ಹುಟ್ಟಿದ್ದೂ ಮನೆಯಲ್ಲೇ ತಾನೆ. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಶುರು ಮಾಡಿದ ಬಾನುಲಿ ಕೇಂದ್ರದ ಹೆಸರದು.

ಒಂಬತ್ತಕ್ಕೆ ಪೆಟ್ಟಿಗೆ ಕೂಗಿದರೆ ಅಪ್ಪಯ್ಯ ಮಾತ್ರೆ ನುಂಗಿ, ಎದ್ದು, ಉಳಿದ ಅನ್ನಕ್ಕೆ ಮಜ್ಜಿಗೆ ಕಲಸಿ ಕರಿಯನಿಗೆ ಹಾಕೋರು. ಎರಡೂವರೆ ವರ್ಷ ಹೀಗೇ ನಡೆಯಿತು.

ಅಪ್ಪಯ್ಯ ಹೋದದ್ದು ಒಂದು ಬೆಳಗಿನ ಜಾವ, ನಿದ್ದೆಯಲ್ಲಿ. ಹದಿಮೂರು ದಿನ ಮನೆ ತುಂಬ ಜನ, ಅಡುಗೆಯವರು, ಪಾತ್ರೆ ಸದ್ದು. ಪೆಟ್ಟಿಗೆಯ ಪ್ಲಗ್ಗನ್ನು ಯಾರೋ ಕಿತ್ತು ಮಿಕ್ಸಿಗೆ ಹಾಕಿದ್ದರು. ಎಲ್ಲ ಮುಗಿದ ಮೇಲೆ ಅದೇ ಯಾರೋ ಒಳ್ಳೆ ಮನಸ್ಸಿನಿಂದ ವಾಪಸ್ ಜೋಡಿಸಿದ್ದಾರೆ. ನನಗೆ ಗಮನ ಇರಲಿಲ್ಲ. ಮನೆಗೆ ಬೀಗ ಹಾಕಿ, ಕರಿಯನನ್ನು ಪಕ್ಕದ ಮನೆ ಚಿಕ್ಕಮ್ಮನಿಗೆ ಒಪ್ಪಿಸಿ ಬೆಂಗಳೂರಿಗೆ ಬಂದೆ.

ವಾರದ ಮೇಲೆ ಚಿಕ್ಕಮ್ಮನ ಫೋನ್.

"ನೋಡು, ಹೆದರ್ಬೇಡ. ನಿಮ್ಮನೇಲಿ ರಾತ್ರಿ ಮಾತು ಕೇಳ್ತದೆ. ನಿನ್ನ ದನಿ, ಮತ್ತೆ..." ಅಂತ ನಿಲ್ಲಿಸಿದರು. "ಮತ್ತೆ ಭಾವನ ದನಿ. ಅದು ನಿನ್ನ ಮಿಷನ್ನು ಅಂತ ನಂಗೆ ಗೊತ್ತು. ಕರಿಯಂಗೆ ಗೊತ್ತಿಲ್ವಲ್ಲ. ದಿನಾ ಒಂಬತ್ತಕ್ಕೆ ಓಡಿಹೋಗಿ ಬಾಗ್ಲು ಕೆರೀತದೆ. ಕರೆದ್ರೆ ಬರಲ್ಲ. ರಾತ್ರಿಯಿಡೀ ಅಲ್ಲೇ ಮಲಗ್ತದೆ."

ನಿಲ್ಲಿಸೋಕೆ ನನಗೆ ಒಂದು ನಿಮಿಷ ಸಾಕು. ಬೆಂಗಳೂರಿನಿಂದಲೇ ಲಾಗಿನ್ ಆಗಿ ಒಂದು ಸಾಲು ತೆಗೆದರೆ ಆಯಿತು. "ಇವತ್ತೇ ಮಾಡ್ತೀನಿ ಚಿಕ್ಕಮ್ಮ" ಅಂದೆ. ಮಾಡಲಿಲ್ಲ. ಮಾರನೇ ದಿನವೂ ಮಾಡಲಿಲ್ಲ. ಆಫೀಸಿನಲ್ಲಿ ಬೇರೆಯವರ ಸಿಸ್ಟಮ್ಮುಗಳನ್ನು ಕಣ್ಣು ಮಿಟುಕಿಸದೆ ಬಂದ್ ಮಾಡುವವನಿಗೆ ಆ ಒಂದು ಸಾಲು ಮುಟ್ಟೋಕೆ ಆಗಲಿಲ್ಲ. ನಾನು ಬೆಂಗಳೂರಿನಲ್ಲಿ ಊಟ ಮಾಡುವಾಗ ಅಲ್ಲಿ ಬೀಗ ಹಾಕಿದ ಮನೆಯೊಳಗೆ ನಾನು ಕೇಳ್ತಿದ್ದೀನಿ, ಅಪ್ಪಯ್ಯ ಉತ್ತರ ಕೊಡ್ತಿದ್ದಾರೆ. ಅದು ನಡೀತಾ ಇರಲಿ ಅನ್ನಿಸೋದು. ಬಾಗಿಲ ಹೊರಗೆ ನಾಯಿ ಇದೆ ಅನ್ನೋದೂ ನೆನಪಾಗೋದು. ಮನೆ ಕಟ್ಟಿದವನಿಗೆ ಬುದ್ಧಿ ಇರ್ಲಿಲ್ಲ ಅಂದಿದ್ದರಲ್ಲ, ಈಗ ಆ ಕಟ್ಟಿದವನು ನಾನೇ.

ಮೂರನೇ ದಿನ ರಾತ್ರಿ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಚಿಕ್ಕಮ್ಮನಿಗೆ ಫೋನ್ ಮಾಡಿ, ನಮ್ಮ ಜಗಲಿಗೆ ಹೋಗಿ ನಿಲ್ಲೋಕೆ ಹೇಳಿದೆ. ಯಾಕೆ ಅಂತ ಅವರು ಕೇಳಲಿಲ್ಲ. ಇಲ್ಲಿ ಲ್ಯಾಪ್‌ಟಾಪಿನಲ್ಲಿ ಲಾಗಿನ್ ಆಗಿ ಕೂತಿದ್ದೆ. ಫೋನಿನಲ್ಲಿ ಮಳೆ ಸದ್ದು, ಚಿಕ್ಕಮ್ಮನ ಉಸಿರು, ಕರಿಯನ ಕೊರಳಿನ ಸರಪಳಿ.

ಒಂಬತ್ತಾಯಿತು. ಬಾಗಿಲ ಆಚೆಯಿಂದ, ಮಳೆಯ ಆಚೆಯಿಂದ, ನನ್ನ ದನಿ ಬಂತು. ಅದರ ಹಿಂದೆಯೇ, "ಹೂಂ ಮಾರಾಯ, ತಗಂಡೆ." ಹಿಂದಿನ ಕಾಲದ ಧಾರವಾಡ ಸ್ಟೇಷನ್ನಿನ ಹಾಗೆ ದೂರದಿಂದ, ಆದರೆ ಸ್ಪಷ್ಟವಾಗಿ. ಊರು ಸುಮ್ಮನಿತ್ತಲ್ಲ, ಅದಕ್ಕೇ ಕೇಳಿತು. ಕರಿಯ ಕುಂಯ್ ಅಂದು ಬಾಗಿಲು ಕೆರೆಯತೊಡಗಿತು.

ನಾನು ಆ ಸಾಲನ್ನು ಅಳಿಸಲಿಲ್ಲ. ಅದರ ಮುಂದೆ ಒಂದು ಹ್ಯಾಶ್ ಹಾಕಿ ಸೇವ್ ಮಾಡಿದೆ. ಹಾಗೆ ಮಾಡಿದರೆ ಸಾಲು ಅಲ್ಲೇ ಇರುತ್ತೆ, ಓಡಲ್ಲ ಅಷ್ಟೆ. ಬೆಳಗಿನ ಸಾಲಿಗೂ ಹಾಗೇ ಮಾಡಿದೆ.

"ಆಯ್ತು ಚಿಕ್ಕಮ್ಮ. ನಾಳೆಯಿಂದ ಬರಲ್ಲ" ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೂಗು ಒರೆಸಿಕೊಂಡ ಸದ್ದು.

"ಇದಕ್ಕೆ ಮಜ್ಜಿಗೆ ಅನ್ನ ಇಲ್ಲೇ ತಂದು ಹಾಕ್ತೀನಿ. ದಿನಾ ಇಲ್ಲೇ ಹಾಕ್ತೀನಿ. ನೀನು ಊಟ ಮಾಡ್ದ್ಯನಾ?"

"ಹೂಂ, ಮಾಡಿದೆ" ಅಂದೆ. ಮಾಡಿರಲಿಲ್ಲ.